ಕಣ್ಣು ಮುಚ್ಚಿದ ಪದರ

ಸುಲ್ತಾನ್‌ಪೇಟೆಯ ಮೂರನೇ ಮಹಡಿ.
ಕೆಳಗೆ ಫಾಯಿಲ್ ಮೆಷಿನ್ನಿನ ಗುದ್ದು,
ಮೆಟ್ಟಿಲ ಮೇಲೆಲ್ಲ ಚಿನ್ನದ ಬಣ್ಣದ ಪುಡಿ.
ಇಲ್ಲಿ ಕೂತು ನಾನು ಮದುವೆಗಳನ್ನು
ಪದರ ಪದರವಾಗಿ ಕಟ್ಟುತ್ತೇನೆ.

ತಳಕ್ಕೆ ಕೆನೆಬಣ್ಣ,
ಅದರ ಮೇಲೊಂದು ಬಾಳೆಯೆಲೆಯ ನೆರಳು,
ನೆರಳಿನ ಮೇಲೆ ಗಣಪತಿ
(ಈ ಸೀಸನ್ನಿಗೆ ಹನ್ನೊಂದನೇ ಸಲ ಅದೇ ಗಣಪತಿ),
ಅಂಚಿಗೆ ಜರಿ,
ಎಲ್ಲಕ್ಕೂ ಮೇಲೆ, ಕೊನೆಗೆ, ಹೆಸರು.

ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣು.
ಒತ್ತಿದರೆ ಮುಚ್ಚುತ್ತದೆ, ಪದರ ಮಾಯ.
ಅಳಿಸಿದ್ದಲ್ಲ.
ಅಳಿಸುವುದಕ್ಕೆ ನಮಗೆ ಪುರುಸೊತ್ತೆಲ್ಲಿ?

ಈಗ ಜನಕ್ಕೆ ಕಾರ್ಡು ಸಾಲದು,
ಫೋನಿನಲ್ಲಿ ತೆರೆಯುವ ಪುಟವೂ ಬೇಕು.
ಘೇವರ್‌ಚಂದರು ಅದಕ್ಕೆ ಮುನ್ನೂರು ಹೆಚ್ಚಿಗೆ ಕೇಳುತ್ತಾರೆ.
ನನ್ನ ಕೆಲಸ ಎರಡು ನಿಮಿಷದ್ದು:
ಪದರಗಳನ್ನೆಲ್ಲ ಅಪ್ಪಚ್ಚಿ ಮಾಡಿ
ಒಂದೇ ಚಿತ್ರವೆಂದು ಅಂಟಿಸುವುದು.
ಅಕ್ಷರ ಅಲುಗುವುದಿಲ್ಲ, ಒತ್ತು ಕಳಚುವುದಿಲ್ಲ,
ನೋಡುವವರಿಗೆ ಏನೂ ಕಮ್ಮಿಯಿಲ್ಲ.

ನೋಡುವವರಿಗೆ.

ಜ್ಯೋತ್ಸ್ನಾ ಬಂದದ್ದು ಗುರುವಾರ.
ಚಿಕ್ಕಪೇಟೆ ಮೆಟ್ರೋ ಇಳಿದು, ಒಬ್ಬಳೇ,
ಬಿಳಿ ಕೋಲಿನಿಂದ ನಮ್ಮ ಮೆಟ್ಟಿಲೆಣಿಸುತ್ತ.
"ನಲವತ್ತೊಂದು. ಒಂದು ಮುರಿದಿದೆ, ರಿಪೇರಿ ಮಾಡಿಸಿ."
ಕಾರ್ಡಿನ ಮೇಲೆ ಬೆರಳಾಡಿಸಿ
ಉಬ್ಬಿದ ಸೊಂಡಿಲು ಯಾವ ಕಡೆಗೆಂದು ಪತ್ತೆಹಚ್ಚಿ,
"ಇದು ಚೆನ್ನಾಗಿದೆ," ಅಂದಳು.
"ನೀವು ಕಳಿಸಿದ ಪುಟದಲ್ಲಿ ಮಾತ್ರ ನಾನೇ ಇಲ್ಲ."

ಫೋನು ತೆಗೆದು ಕೇಳಿಸಿದಳು.
ಅದು ಅಂದದ್ದು ಒಂದೇ ಮಾತು: ಚಿತ್ರ.
ಮತ್ತೆ ಒತ್ತಿದಳು.
ಚಿತ್ರ.

ಹದಿನೆಂಟು ವರ್ಷದಿಂದ ಅಕ್ಷರ ಜೋಡಿಸುವವನು ನಾನು.
ಬಾದಾಮಿ ಹಾಲು ತರಿಸಿ, ಕುರ್ಚಿ ಕೊಟ್ಟು,
ಅಪ್ಪಚ್ಚಿಯಾದದ್ದನ್ನು ಬಿಡಿಸಲು ಕೂತೆ.
ಚಿತ್ರ ಚಿತ್ರವಾಗಿ ಹೋಗಲಿ, ಅಕ್ಷರ ಅಕ್ಷರವಾಗಿ.

ಮೊದಲ ಸಲ ಅವಳ ಹೆಸರಿನ ಜಾಗದಲ್ಲಿ
ಇಂಗ್ಲಿಷ್ ಅಕ್ಷರಗಳ ಕಸ.
ಹಳೇ ಫಾಂಟಿನ ಗುಟ್ಟು ಅದು:
ಮೈಮೇಲೆ ಕನ್ನಡದ ಅಂಗಿ, ಒಳಗೆ ಬೇರೆಯೇ ಲೆಕ್ಕ.
ಇಡೀ ಫೈಲನ್ನು ಯೂನಿಕೋಡಿಗೆ ತಿರುಗಿಸಿದೆ.
ಆಗ ತ ಒಂದು ಕಡೆ, ಸ ಒಂದು ಕಡೆ,
ನಾ ಬಸ್ಸು ತಪ್ಪಿಸಿಕೊಂಡವರ ಹಾಗೆ ದೂರ.
ಅದನ್ನು ಕೈಯಾರೆ ಕೂಡಿಸಿದೆ.
ಅಷ್ಟರಲ್ಲಿ ಅಕ್ಷರದ ಮೇಲಿನ ಮಿಂಚು ಜಾರಿತ್ತು.
"ಚಿನ್ನ ಎಲ್ಲೋ?" ಅಂದರು ಘೇವರ್‌ಚಂದ್, ಕನ್ನಡಕ ಹಣೆಗೇರಿಸಿ.
"ಹೋಯ್ತು ಸೇಠ್."

ಫೋನು ಓದಿತು, ರೈಲಿಗೆ ಹೊತ್ತಾದವರ ಅವಸರದಲ್ಲಿ:
ಶ್ರೀ ಗಣೇಶಾಯ ನಮಃ, ಜ್ಯೋತ್ಸ್ನಾ, ತೇಜಮೂರ್ತಿ,
ಬಸವನಗುಡಿ, ಊಟ ಹನ್ನೆರಡೂವರೆ.
"ಊಟಾನೂ ಹೇಳ್ತು!" ಅವಳು ನಕ್ಕಳು.
ಫೋನು ಇನ್ನೂ ಓದುತ್ತಲೇ ಇತ್ತು.
ಚಿರಂಜೀವಿ ಸೌಭಾಗ್ಯವತಿ ವನಮಾಲಾ.

"ವನಮಾಲಾ ಯಾರು?"

ತೆರೆಯ ಮೇಲೆ ಎಲ್ಲೂ ಇಲ್ಲ.
ಹುಡುಕಿದೆ, ಗಣಪತಿಯ ಅಡಿ,
ಬಾಳೆಯೆಲೆಯ ನೆರಳಿನ ಅಡಿ,
ಕೆನೆಬಣ್ಣಕ್ಕೆ ಅಂಟಿಕೊಂಡೇ
ಕಣ್ಣು ಮುಚ್ಚಿದ ಒಂದು ಪದರ.
ಕಳೆದ ವೈಶಾಖದ್ದು.
ಮುಚ್ಚಿದ್ದು ನಾನೇ. ನನ್ನ ಕಣ್ಣಿಗಷ್ಟೇ ಮುಚ್ಚಿತ್ತು.

"ಸಾವಿರ ಕಾರ್ಡು ಅಚ್ಚಾಗಿತ್ತು," ಅಂದೆ,
"ಒಯ್ಯೋಕೆ ಯಾರೂ ಬರಲಿಲ್ಲ.
ಅಡ್ವಾನ್ಸೂ ಕೇಳಲಿಲ್ಲ."
"ಕಾರ್ಡುಗಳು?"
"ಇಲ್ಲೇ ಇವೆ. ನೀವು ಕಾಲಿಟ್ಟಿರೋದು
ಆ ಕಟ್ಟಿನ ಮೇಲೇ."

ಪಾದ ಮೆಲ್ಲಗೆ ಎತ್ತಿಕೊಂಡಳು.
ಬಗ್ಗಿ, ಧೂಳು ಒರೆಸಿ,
ಮೇಲಿನ ಕಾರ್ಡನ್ನು ಬೆರಳಿಂದ ಓದಿದಳು.
"ಸೊಂಡಿಲು ಎಡಕ್ಕೆ. ನನ್ನದೇ ಗಣಪತಿ."
ಹಾಲಿನ ಲೋಟ ತಣ್ಣಗಾಗುವಷ್ಟು ಹೊತ್ತು ಸುಮ್ಮನಿದ್ದು,
"ತೆಗೆದುಬಿಡಿ," ಅಂದಳು, "ಪುಟದಿಂದ."

ತೆಗೆದೆ. ಈ ಸಲ ಅಳಿಸಿಯೇ.
ಫೋನು ಮೊದಲಿಂದ ಓದಿ
ಊಟದ ವೇಳೆಗೆ ಬಂದು ನಿಂತಿತು.
ಆಮೇಲೂ ಅವಳು
ಸ್ವಲ್ಪ ಹೊತ್ತು ಅದನ್ನು ಕಿವಿಗೇ ಹಿಡಿದಿದ್ದಳು.